ಕುರ್ಚಿಯಿಂದ ತಪ್ಪಿಸಿಕೊಳ್ಳಲು ಓಡಿದ್ದು

ಗಿರಾಕಿಯ ಮಾತನ್ನು ನಾನು ನಂಬುವುದಿಲ್ಲ. ಗಾಡಿ ಬಿದ್ದೇ ಇಲ್ಲ ಎಂದು ಆಣೆ ಮಾಡುವವನ ಹ್ಯಾಂಡಲ್ಲೇ ಸೊಟ್ಟಗಿರುತ್ತದೆ. ದಾಂಡೇಲಿಯ ಅಂಬೇವಾಡಿಯಲ್ಲಿ ಇಪ್ಪತ್ತೈದು ವರ್ಷ ಬೈಕ್ ರಿಪೇರಿ ಮಾಡಿ ಕಲಿತದ್ದು ಇಷ್ಟೇ: ಮನುಷ್ಯ ಸುಳ್ಳು ಹೇಳಬಹುದು, ಇಂಜಿನ್ನಿನ ಸಪ್ಪಳ ಹೇಳುವುದಿಲ್ಲ.

ಹಾಗಾಗಿ ಒಂದು ಶುಕ್ರವಾರ ಮಸೀದಿಯಲ್ಲಿ ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಕಂಡಾಗ ಮೊದಲು ಹುಟ್ಟಿದ್ದು ಸಂಶಯ. ನನಗಾಗ ನಲವತ್ತೆಂಟು. ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಮೇಲೇಳುವಾಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಎರಡೂ ಕೈ ಊರಿ, ಮುಲುಗುತ್ತ ಏಳುತ್ತಿದ್ದೆ. ಆದರೂ ಕುರ್ಚಿ? ಅದರ ಮೇಲೆ ಕೂತು ನಮಾಜು ಮಾಡುವವರು ಎಪ್ಪತ್ತು ದಾಟಿದವರು! ಇಟ್ಟವರು ಯಾರೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಗ್ಯಾರೇಜಿನ ಎದುರು ಚಹಾ ಅಂಗಡಿ ಇಟ್ಟುಕೊಂಡಿರುವ ಗೆಳೆಯ ಮಾತ್ರ ನನ್ನ ಕಣ್ಣು ತಪ್ಪಿಸಿದ.

ಕೂತೆ. ಕೂತದ್ದಕ್ಕೆ ವಿಪರೀತ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ದಿನವಿಡೀ ಕುಕ್ಕರಗಾಲಲ್ಲಿ ಕೂರುವ ಕೆಲಸ ನಮ್ಮದು. ಕೂತರೆ ಏಳಲಾಗದ ಮಿಸ್ತ್ರಿಯ ಹತ್ತಿರ ಗಾಡಿ ಯಾರು ಬಿಡುತ್ತಾರೆ?

ಹಳಿಯಾಳದ ಡಾಕ್ಟರು ಕಾಲು ಮಡಚಿ, ಚಾಚಿ ನೋಡಿದರು. ಮೊಣಕಾಲಿನದೇನೂ ತಪ್ಪಿಲ್ಲ, ಹೊಟ್ಟೆ ಹೆಚ್ಚಾಗಿದೆ, ತೊಡೆಯಲ್ಲಿ ಬಲವಿಲ್ಲ, ಮೊದಲು ನಡೆಯಿರಿ, ಆಮೇಲೆ ಓಡಿ ಎಂದರು. ಔಷಧಿ ಬರೆಯದ ಡಾಕ್ಟರನ್ನು ನಾನು ನೋಡಿದ್ದೇ ಅವತ್ತು. ಇದರಲ್ಲೇನೋ ಮಸಲತ್ತಿದೆ ಎಂದುಕೊಂಡು ಮನೆಗೆ ಬಂದರೆ ಹೆಂಡತಿ ಆಗಲೇ ಬೂಟು ತಂದಿಟ್ಟಿದ್ದಳು. ಅಳತೆಯೂ ಸರಿಯಾಗಿತ್ತು! ನನಗಿಂತ ಮೊದಲೇ ಡಾಕ್ಟರಿಗೆ ಇವಳ ಫೋನು ಹೋಗಿರಬೇಕು.

ವ್ಯಾಯಾಮವೆಂದರೆ ನನಗೆ ಶಾಲೆಯಿಂದಲೂ ಆಗದು. ದುಡಿದು ಬೆವರುವವನು ಬೆಳಿಗ್ಗೆದ್ದು ಪುಕ್ಕಟೆ ಯಾಕೆ ಬೆವರಬೇಕು? ಆದರೂ ಒಂದು ತಿಂಗಳು ನಡೆದೆ. ಆಮೇಲೆ ಒಂದು ದಿನ ಕೋಗಿಲಬನದ ರಸ್ತೆಯಲ್ಲಿ ಹಲ್ಲು ಕಚ್ಚಿ ಓಡಿದೆ. ಎದುರು ಬಂದ ಹಾಲಿನವನು “ಆನಿ ಬಂತೇನ್ರಿ ಮಿಸ್ತ್ರಿ?” ಎಂದವನೇ ಉತ್ತರಕ್ಕೂ ಕಾಯದೆ ಗಾಡಿ ತಿರುಗಿಸಿಬಿಟ್ಟ. ನಮ್ಮ ಕಡೆ ವಯಸ್ಸಾದವರು ಓಡುವುದಿದ್ದರೆ ಅದೊಂದೇ ಕಾರಣ. ಎರಡು ಲೈಟುಕಂಬ ದಾಟುವಷ್ಟರಲ್ಲಿ ಏದುಸಿರು ಬಿಡುತ್ತ ಮೋರಿಯ ಕಟ್ಟೆಯ ಮೇಲೆ ಕುಸಿದೆ.

ಅಲ್ಲಿಗೆ ಬಂದವರು ಊರಿನ ಪೇಪರ್ ಮಿಲ್ಲಿನಿಂದ ನಿವೃತ್ತರಾದ ಧಾರವಾಡ ಕಡೆಯ ಕಾಕಾ, ನನ್ನ ಹಳೆಯ ಗಿರಾಕಿ. ಅವರೂ ಓಡುತ್ತಿದ್ದರು, ಆದರೆ ಮದುವೆ ಮೆರವಣಿಗೆಗಿಂತ ನಿಧಾನ. ನನ್ನನ್ನು ಆಡಿಕೊಳ್ಳಲು ನಿಂತರೆಂದುಕೊಂಡೆ.

“ಮಿಸ್ತ್ರಿ, ನನ್ನ ಗಾಡಿ ಬೋರ್ ಮಾಡಿ ಕೊಟ್ಟಾಗ ಏನ್ ಹೇಳಿದ್ರಿ?”

“ನಲವತ್ತರ ಮ್ಯಾಲ ಓಡಸಬ್ಯಾಡ್ರಿ, ಪಿಸ್ಟನ್ ಹಿಡಕೋತೈತಿ ಅಂತ ಹೇಳಿದ್ದೆ ಕಾಕಾ.”

“ಮತ್ತ ನೀವ್ಯಾಕ ಮೊದಲನೇ ದಿನಾನ ಎಂಬತ್ತರಾಗ ಹೊಂಟೀರಿ? ಮಾತಾಡಾಕ ಬರೂವಷ್ಟ ಮೆಲ್ಲಕ ಓಡ್ರಿ.”

ಹಳೆಯ ಇಂಜಿನ್ ಕೊರೆಸಿ ಹೊಸ ಪಿಸ್ಟನ್ ಹಾಕಿದರೆ ಅದು ಪಳಗುವ ತನಕ ಜೋರು ಓಡಿಸಬಾರದು. ಇದನ್ನು ಸಾವಿರ ಜನಕ್ಕೆ ಹೇಳಿದ್ದೇನೆ, ಒಬ್ಬನೂ ಪಾಲಿಸಿರಲಾರ ಎಂದು ಬೈದುಕೊಂಡಿದ್ದೇನೆ. ಈಗ ಮಾತಿಗೆ ತಪ್ಪಿದವನು ನಾನೇ. ಕಾಕಾ ಸುಮ್ಮನೆ ನಕ್ಕು ಮುಂದೆ ಹೋದರು.

ಮರುದಿನದಿಂದ ಅವರ ಬೆನ್ನಿಗೆ ಬಿದ್ದೆ. ನಾಚಿಕೆಯಾಗುವಷ್ಟು ನಿಧಾನ. ನಾಯಿಗಳೂ ಬೆನ್ನಟ್ಟುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲಿನ ಒಂದು ಬೆಳಿಗ್ಗೆ, ಕಾಲಿನ ಕೆಳಗೆ ಸಾಗವಾನಿ ಎಲೆ ಸಿಡಿಯುವುದು ಕೇಳಿಸುತ್ತಿತ್ತು. ತಲೆಯ ಮೇಲೆ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬೀಸುತ್ತ ನದಿಯ ಕಡೆ ಹೋಯಿತು. ಅದನ್ನು ನೋಡುತ್ತ ನೋಡುತ್ತ ಮೋರಿಯ ಕಟ್ಟೆ ಎಷ್ಟೋ ಹಿಂದೆ ಉಳಿದಿತ್ತು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಖುಷಿಯನ್ನೂ ನಾನು ನಂಬಲಿಲ್ಲ. ಗ್ಯಾರೇಜಿಗೆ ತಂದ ಕೂಡಲೇ ಗಾಡಿಯ ಸಪ್ಪಳ ನಿಲ್ಲುವುದುಂಟು, ಮನೆಗೊಯ್ದರೆ ಮತ್ತೆ ಶುರು. ಶುಕ್ರವಾರ ಬಂದಾಗ ಕುರ್ಚಿಯಲ್ಲೇ ಕೂರುತ್ತಿದ್ದೆ. ನೆಲಕ್ಕಿಳಿದು ಎಲ್ಲರೆದುರು ಏಳಲಾಗದಿದ್ದರೆ?

ಒಂದು ಶುಕ್ರವಾರ ಕುರ್ಚಿ ಇರಲಿಲ್ಲ. ಮೈ ಉರಿಯಿತು. ನನ್ನ ಮಾನ ಕಳೆಯಲು ಯಾರೋ ಬೇಕೆಂದೇ ತೆಗೆದಿದ್ದಾರೆ! ಆ ಸಿಟ್ಟಿನಲ್ಲೇ ಸಾಲಿನಲ್ಲಿ ನಿಂತೆ, ಬಾಗಿದೆ, ಹಣೆ ನೆಲಕ್ಕಿಟ್ಟೆ, ಎದ್ದೆ. ಎದ್ದ ಮೇಲೆ ಗೊತ್ತಾಯಿತು, ಮುಲುಗಿರಲಿಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಚಹಾ ಅಂಗಡಿಯ ಗೆಳೆಯ ಪಕ್ಕಕ್ಕೆ ಬಂದ. ಕುರ್ಚಿ ಇಡುತ್ತಿದ್ದವನೂ ತಾನೇ, ತೆಗೆದವನೂ ತಾನೇ ಎಂದು ನಮ್ಮ ಉರ್ದುವಿನಲ್ಲಿ ಒಪ್ಪಿಕೊಂಡ. ತಿಂಗಳಿಂದ ತನ್ನ ಅಂಗಡಿಯಿಂದ ನೋಡುತ್ತಿದ್ದನಂತೆ. ಗಾಡಿಯ ಪಕ್ಕ ಕೂತ ನಾನು ಏನನ್ನೂ ಹಿಡಿಯದೆ ಏಳುತ್ತಿದ್ದೇನಂತೆ. “ಊರಿನ ಗಾಡಿಗಳ ಸಪ್ಪಳವೆಲ್ಲ ಕೇಳಿಸುತ್ತದೆ, ನಿನ್ನದು ನಿಂತದ್ದು ನಿನಗೇ ಕೇಳಿಸಲಿಲ್ಲವಾ?” ಎಂದ. ಇಷ್ಟು ದಿನ ಅವನನ್ನು ಮನಸ್ಸಿನಲ್ಲೇ ಬೈದದ್ದು ನೆನಪಾಯಿತು. ಅಂಗಡಿಗೆ ನಡೆ, ಚಹಾ ಹಾಕು ಎಂದೆ.

ಶನಿವಾರ ಬೆಳಿಗ್ಗೆ ಬೂಟಿನ ದಾರ ಬಿಗಿಯುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ “ಅಬ್ ಕಾಯ್ಕೂ?” ಎಂದಳು. ಕುರ್ಚಿ ತಪ್ಪಿತಲ್ಲ, ಇನ್ನು ಯಾಕೆ ಓಡುವುದು ಎಂದು.

ನಾನೂ ಯೋಚಿಸಿದೆ. ಕಾರಣ ಸಿಗಲಿಲ್ಲ. “ಸುಮ್ಮನೆ, ಮನಸ್ಸಾಯಿತು” ಎಂದೆ.

ಅವಳು ನಂಬಲಿಲ್ಲ. ಬಿದ್ದೇ ಇಲ್ಲವೆಂದು ಆಣೆ ಮಾಡುವ ಗಿರಾಕಿಯನ್ನು ನಾನು ನೋಡುವ ಹಾಗೆ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.