ಪೈಪಿನ ತಂಪುಗಾಳಿ

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊಟಿಯಿಂದ ಬಂದ ಸಂಸಾರವೊಂದು ನನ್ನ ಪಕ್ಕದಲ್ಲೇ ಕೂತಿತ್ತು. ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಸುತ್ತಾ, "ಗಾಳಿ ಬದಲಾಯಿಸಿಕೊಂಡು ಬಂದ್ವಿ, ಮೈ ಹಗುರಾಯ್ತು" ಎಂದು ಹೇಳಿದಳು. ಆ ಘಾಟು, ಆ ಮಾತು ಎರಡೂ ನನಗೆ ಸೇರಲಿಲ್ಲ. ಎದ್ದು ದೂರ ಹೋಗಿ ನಿಂತೆ...

ಮದುವೆಯಾಗಿ ನಾನು ಉರಿಗಾಂನ ಚಿನ್ನದ ಗಣಿಯ ಲೈನಿಗೆ, ಕೂಲಿಗಳ ಸಾಲುಮನೆಗೆ, ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಅಣ್ಣನಿದ್ದ. ಗಣಿಯ ಆಳದಲ್ಲಿ ಬಂಡೆಗೆ ತೂತು ಹೊಡೆಯುವ ಕೆಲಸ. ಎರಡು ಮನೆಗಳ ನಡುವೆ ಬರೀ ಬಿದಿರಿನ ತಟ್ಟಿ. ಅವನು ಕೆಮ್ಮಿದರೆ ನನ್ನ ಎದೆಯೇ ಕಿತ್ತು ಬಂದಂತಾಗುತ್ತಿತ್ತು. ಬೂದಿ ಬಣ್ಣದ ಕಫ... ಥೂ, ಇವತ್ತಿಗೂ ನೆನೆದರೆ ತುತ್ತು ಇಳಿಯುವುದಿಲ್ಲ. ಅಷ್ಟು ಕಲ್ಲುಪುಡಿಯನ್ನು ಒಬ್ಬ ಮನುಷ್ಯನ ಎದೆಯೊಳಗೆ ತುಂಬಿಸಿದವರಿಗೆ ಏನನ್ನಬೇಕು!

ಡಾಕ್ಟರು ನೋಡಿ "ಗಾಳಿ ಬದಲಾಯಿಸು" ಅಂದರು. ಗಣಿಯ ಬಿಳಿ ದೊರೆಯ ಹೆಂಡತಿಗೂ ಆ ಬೇಸಿಗೆ ಅದೇ ಮಾತು ಹೇಳಿದ್ದರಂತೆ. ಆಕೆಗಿದ್ದದ್ದು ಬರೀ ತಲೆನೋವು. ಪೆಟ್ಟಿಗೆ, ಕುರ್ಚಿ, ಅಡುಗೆಯವನು, ನಾಯಿ ಎಲ್ಲ ರೈಲು ಹತ್ತಿ ಊಟಿಗೆ ಹೋದವು. ಮೈ ಕೆಟ್ಟವರು ಗಾಳಿ ಹುಡುಕಿಕೊಂಡು ಹೋಗುತ್ತಾರೆ ಅನ್ನುವುದೆಲ್ಲ ಬುರುಡೆ. ಹೋಗಲು ಆಗುವವರು ಹೋಗುತ್ತಾರೆ, ಅಷ್ಟೆ.

ಅಣ್ಣನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳ ತವರು ಹತ್ತಿರದ ಬೇತಮಂಗಲ. ಕೆರೆಯ ಪಕ್ಕದಲ್ಲೇ ಮನೆ. ಅಕ್ಕ ದಿನಾ ಗೋಗರೆಯುತ್ತಿದ್ದಳು. "ನಡಿ, ಓಗಿ ಒಂದಷ್ಟು ದಿನ ಇದ್ದು ಬರಾನ. ನಮ್ಮಪ್ಪ ಎರಡು ಮುದ್ದೆ ಇಕ್ಕಲ್ವಾ?"

ಲೈನಿನ ಗಂಡಸರು ಬಿಡಬೇಕಲ್ಲ! ಮಾವನ ಮನೆಯಲ್ಲಿ ಕೂತು ಉಣ್ಣುವ ಅಳಿಯ ಅಂದರೆ ನಮ್ಮ ಕಡೆ ಸದರ. "ಏನ್ಲಾ, ಮನೆ ಅಳಿಯ ಆಗ್ತೀಯಂತೆ?" ಎಂದು ನಲ್ಲಿ ಹತ್ತಿರ ಹಲ್ಲು ಕಿರಿಯುತ್ತಿದ್ದರು.

ಅಣ್ಣ ಮಾನಕ್ಕೆ ಅಂಜಿದ. "ಬೇತಮಂಗಲ ಯಾಕೆ? ಕೆಳಗೆ ಪೈಪಿನಾಗೆ ಗಾಳಿ ಬತ್ತೈತೆ. ಊಟಿಗಿಂತ ತಂಪು ಕಣೇ. ದಿನಾ ಅದ್ನೇ ಕುಡಿತೀನಿ" ಅಂದ.

ತೂತು ಹೊಡೆಯುವ ಯಂತ್ರ ಓಡಿಸಲು ಮೇಲಿಂದ ಒತ್ತಿ ಕಳಿಸುವ ಗಾಳಿ ಅದು. ಕೆಳಗಿನ ಬೇಗೆಯಲ್ಲಿ ತಣ್ಣಗೆ ಬೀಸುತ್ತಿತ್ತಂತೆ. ಬಿಡುವು ಸಿಕ್ಕಾಗಲೆಲ್ಲ ಪೈಪು ಬಿಚ್ಚಿ, ಬಂಡೆಯ ಬುಡದಲ್ಲಿ ಕೂತು, ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದ. ಆ ಗಾಳಿ ಸುತ್ತಲಿನ ಕಲ್ಲುಪುಡಿಯನ್ನೆಲ್ಲ ಎಬ್ಬಿಸಿ ಅವನ ಗಂಟಲಿಗೇ ತುಂಬುತ್ತಿತ್ತು. ಅದನ್ನೇ ಔಷಧಿ ಅಂದುಕೊಂಡ. ಹಲ್ಲು ಕಿರಿದವರೇ ಪಾಪ ಅಂತ ಪೈಪು ಬಿಟ್ಟುಕೊಟ್ಟರಂತೆ, ದೊಡ್ಡ ಧರ್ಮಾತ್ಮರು!

ಮುಂದಿನ ಬೇಸಿಗೆ ದೊರೆಸಾನಿ ಮತ್ತೆ ಊಟಿಗೆ ಹೊರಟಳು. ಅಣ್ಣ ಅಷ್ಟರಲ್ಲಿ ತೀರಿಕೊಂಡಿದ್ದ... ಗಂಡ ಸತ್ತ ಮೇಲೆ ಲೈನಿನ ಮನೆಯೂ ಇಲ್ಲ. ಅಕ್ಕ ಚಾಪೆ ಸುತ್ತಿಕೊಂಡು ಒಬ್ಬಳೇ ತವರಿಗೆ ಹೋದಳು.

ಮೊನ್ನೆ ಸ್ಟೇಷನ್ನಿನಿಂದ ಮನೆಗೆ ಹೋಗಲು ಮನಸ್ಸಾಗದೆ ಬೇತಮಂಗಲಕ್ಕೆ ಹೋದೆ. ಅಕ್ಕನ ತಲೆ ಪೂರ್ತಿ ನೆರೆತಿದೆ. ಜಗಲಿಯ ಮೇಲೆ ಕೂತೆವು. ಕೆರೆಯ ಕಡೆಯಿಂದ ಗಾಳಿ ಬೀಸಿತು. ಎಷ್ಟು ಹಿತವಾಗಿತ್ತೆಂದರೆ ನಾನು ಕಣ್ಣು ಮುಚ್ಚಿಕೊಂಡೆ.

ಅಕ್ಕ ದಡಕ್ಕನೆ ಎದ್ದಳು.

"ಒಳಗೆ ಬಾರಮ್ಮ, ಕದ ಆಕ್ತೀನಿ. ಈ ಗಾಳಿ ಬೀಸಿದ್ರೆ ನಂಗೆ ಒಟ್ಟೆ ಉರೀತೈತೆ."