ಹದಿನೇಳನೇ ಲೆವೆಲ್ಲಿನ ಬಿಲ್ಲೆ

ಊರಿಗಾಂನ ಚಿನ್ನದ ಗಣಿಯೊಂದರಲ್ಲಿ ಬಿಲ್ಲೆ ಎಣಿಸುವ ಗುಮಾಸ್ತನಾಗಿದ್ದ ಮುನಿಸ್ವಾಮಪ್ಪನದು ಕೂತಲ್ಲಿ ಕೂರುವ ಜಾಯಮಾನವಲ್ಲ. ಬಂಗಾರಪೇಟೆಯಿಂದ ರೈಲಿನಲ್ಲೂ ನಿಂತೇ ಬರುತ್ತಿದ್ದ. ಮನೆಯಲ್ಲಿ ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ತೆಗೆದು ನೋಡದೆ ಬಿಡುತ್ತಿರಲಿಲ್ಲ. ಹೆಂಡತಿ ನರಸಮ್ಮ ಬೈದು ಬೈದು ಸುಸ್ತಾಗಿದ್ದಳು.

ಗಣಿಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ತಗುಲಿಸಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಹಲಗೆಯಲ್ಲಿ ಬಿಲ್ಲೆ ಉಳಿದರೆ ಆಳು ಒಳಗೇ ಉಳಿದಿದ್ದಾನೆಂದು ಅರ್ಥ. ಎಪ್ಪತ್ತಾರರ ಒಂದು ಸಂಜೆ ಗಣಿಯಾಳು ಕುಪ್ಪುಸ್ವಾಮಿಯ ಬಿಲ್ಲೆಯ ಮೇಲೆ ಮುಂದಿನ ಪಾಳಿಯವನು ತನ್ನದನ್ನು ತಗುಲಿಸಿಬಿಟ್ಟ. ಅಡಿಯದು ಕಾಣದೆ ಮುನಿಸ್ವಾಮಪ್ಪ ‘ಎಲ್ಲರೂ ಬಂದರು’ ಎಂದು ಬರೆದ. ನೆಲದಡಿಯ ಹದಿನೇಳನೇ ಅಂತಸ್ತಿನಲ್ಲಿ, ಅಂದರೆ ಹದಿನೇಳನೇ ಲೆವೆಲ್ಲಿನಲ್ಲಿ, ಕಾಲು ಮುರಿದು ಬಿದ್ದಿದ್ದ ಕುಪ್ಪುಸ್ವಾಮಿ ಮರುದಿನ ಹೆಣವಾಗಿ ಮೇಲೆ ಬಂದ.

ತೊಂಬತ್ತೇಳರಲ್ಲಿ ಹಲಗೆಯ ಜಾಗಕ್ಕೆ ಕಂಪ್ಯೂಟರ್ ಬಂತು. ಆಂಡರ್ಸನ್‌ಪೇಟೆಯ ವೆಂಕಟರತ್ನಮ್ಮ ಪ್ರೋಗ್ರಾಂ ಬರೆದಿದ್ದಳು. ಲೆವೆಲ್ಲಿಗೊಂದು ಪಟ್ಟಿ, ತಲೆಬರಹ ಒತ್ತಿದರೆ ಹೆಸರುಗಳು ಬಿಚ್ಚಿಕೊಳ್ಳುತ್ತವೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತವೆ. ಹೊಸ ಹೆಸರು ಸೇರಿದಾಗಲೆಲ್ಲ ಬಿಚ್ಚಿದ್ದೂ ತಾನಾಗಿ ಮಡಚಿಕೊಳ್ಳುತ್ತಿತ್ತು. ಅದನ್ನು ಕಂಡ ಮುನಿಸ್ವಾಮಪ್ಪ ಅವಳ ಮೇಜಿನ ಬಳಿಗೆ ಹೋದ. ಸೋಮವಾರ ಹಲಗೆಯನ್ನೇ ಕಳಚಲಿದ್ದರು.

“ಇದು ಬ್ಯಾಡ ರತ್ನಮ್ಮಾ. ಒಳಗೆ ಆಳು ಇದ್ರೆ ಮುಚ್ಕೋಬಾರ್ದು.”

“ಮುಚ್ಕೊಂಡ್ರೆ ಎಸ್ರು ಎಲ್ಲೂ ಓಗಲ್ಲ ಅಣ್ಣಾ, ಒಳಗೇ ಇರ್ತದೆ.”

“ಒಳಗೇ ಇದ್ದ ಕಣಮ್ಮ ಅವನೂ!”

ಅವಳು ಬೆಚ್ಚಿ ನೋಡಿದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವಳು ಎರಡು ದಿನ ಕೂತು ಪ್ರೋಗ್ರಾಂ ತಿದ್ದಿದಳು. ಆ ಎರಡೂ ದಿನ ಮುನಿಸ್ವಾಮಪ್ಪ ಅವಳ ಬೆನ್ನ ಹಿಂದೆ ಶತಪಥ ಹಾಕಿ ಅವಳ ತಲೆ ತಿಂದ.

ಶನಿವಾರ ಸಂಜೆ ಅವಳು ಕರೆದಳು. “ಯಾರ್ದಾದ್ರೂ ಎಸ್ರು ಏಳಣ್ಣಾ, ನೋಡೋಣ.”

“ಕುಪ್ಪುಸ್ವಾಮಿ. ಹದಿನೇಳು.”

ಅವಳ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಹೆಸರು ಹೊಡೆಯಿತು. ಮುನಿಸ್ವಾಮಪ್ಪ ತಲೆಬರಹ ಒತ್ತಿದ. ಪಟ್ಟಿ ಮಡಚಿಕೊಳ್ಳಲಿಲ್ಲ. ಅವಳು ಬೇರೆ ನಾಲ್ಕು ಹೆಸರು ಸೇರಿಸಿದರೂ ಮಡಚಿಕೊಳ್ಳಲಿಲ್ಲ. ಅವನು ಮತ್ತೆ ಮತ್ತೆ ಒತ್ತಿದ. ಕುಪ್ಪುಸ್ವಾಮಿಯ ಹೆಸರು ಇದ್ದಲ್ಲೇ ಇತ್ತು, ಕಾಣುತ್ತಲೇ ಇತ್ತು.

“ಅಂಗಲ್ಲ ಅಣ್ಣಾ,” ಎಂದಳು ಮೆಲ್ಲಗೆ. “ಮೊದಲು ಎಲ್ಲಾರ್ನೂ ಮೇಲಕ್ಕೆ ಕರ್ಕೊಳ್ಳಿ. ಆಮೇಲೆ ಮುಚ್ಕೊಂತದೆ.”

ನಾಲ್ವರ ಮುಂದೆ ‘ಬಂದ’ ಎಂದು ಅವಳೇ ಒತ್ತಿದಳು. ಐದನೆಯದಕ್ಕೆ ಮೌಸನ್ನು ಅವನ ಕೈಗೆ ಬಿಟ್ಟಳು. ಅವನು ಕುಪ್ಪುಸ್ವಾಮಿಯ ಹೆಸರಿನ ಮುಂದೆ ‘ಬಂದ’ ಎಂದು ಒತ್ತಿದ. ಪಟ್ಟಿ ಮಡಚಿಕೊಂಡಿತು.

ಮುನಿಸ್ವಾಮಪ್ಪ ಕುರ್ಚಿ ಎಳೆದುಕೊಂಡು ಕೂತ.