ಕೆರೆಯಂಚಿನ ಬಾಣಂತಿಯರು

ಕುಟ್ಟಕ್ಕೆ ಹೋಗುವ ದಾರಿಯ ಕೆರೆಯಂಚಿನ ಬಿದಿರಿನಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದರೆ ಸಾಕು, ನಮ್ಮ ಪಕ್ಕದ ಮನೆಯ ತಾತ ಗಮ್‌ಬೂಟು ಹಾಕಿಕೊಂಡು ದಡದಲ್ಲಿ ಹಾಜರು. ಹಕ್ಕಿ ನೋಡಲು ಬಂದವರು ಗಲಾಟೆ ಮಾಡಿದರೆ ಟೊಪ್ಪಿ ತೆಗೆದು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದರು: "ಮೆಲ್ಲ ಮಾರಾಯ್ರೆ, ಬಾಣಂತಿಯರಿದ್ದಾರೆ."

ಒಂದು ವರ್ಷ ಹಕ್ಕಿಗಳು ಗೂಡಿನಲ್ಲಿದ್ದಾಗಲೇ ತಾತನಿಗೆ ಮೊಮ್ಮಗ ಹುಟ್ಟಿದ. ಗಂಡು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸುವುದು ಕೊಡವರ ಪದ್ಧತಿ. ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೋವಿ ತಾತನ ಕೈಗೆ ಬಂತು. ನೆಂಟರೆಲ್ಲ ಕಿವಿ ಮುಚ್ಚಿ ನಿಂತರು. ತಾತ ಒಮ್ಮೆ ಕೆರೆಯತ್ತ ನೋಡಿ, "ಜೀಪ್ ಹತ್ತಿ ಎಲ್ಲ" ಎಂದರು. ನಾನೂ ಹತ್ತಿದೆ. ಗುಂಡು ಹಾರಿದ್ದು ಗುಡ್ಡದಾಚೆಯ ಎಸ್ಟೇಟಿನಲ್ಲಿ.

ಮರಳಿದಾಗ ಒಳಕೋಣೆಯಿಂದ ಸೊಸೆ ಕೇಳಿದಳು: "ಗುಂಡು ಹಾರಿಸಿದ್ರಾ ಮಾವ? ನಂಗೆ ಕೇಳ್ಸಲೇ ಇಲ್ಲ."

ತಾತ ಟೊಪ್ಪಿಯನ್ನು ಬಾಯಿಗೆ ಅಡ್ಡ ಹಿಡಿದು, ಕಿಟಕಿಯಾಚೆ ಕೆರೆ ತೋರಿಸಿದರು: "ಅವ್ರಿಗೂ ಕೇಳ್ಸಿಲ್ಲ."